ಅಣ್ಣ ಸುತ್ತಿದ ತಂತಿ

"ಮುಟ್ಟಬೇಡಿ ಅದನ್ನ!"

ಅನಂತಲಕ್ಷ್ಮಿ ಕೂಗಿದ ರಭಸಕ್ಕೆ ಆ ಯುವಕನ ಕೈಯಲ್ಲಿದ್ದ ತಿರುಪುಳಿ ಠಣ್ ಎಂದು ನೆಲಕ್ಕೆ ಬಿತ್ತು.

ಅದು 1958ರ ಮಾರ್ಚ್ ತಿಂಗಳು. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಶಿಶುವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳಿ ಮನೆಗೆ ಬಂದವಳಿಗೆ ಕಂಡದ್ದೇನು? ನಡುಮನೆಯಲ್ಲಿ ಯಾರೋ ಅಪರಿಚಿತ ಮಂಡಿಯೂರಿ ಕೂತು, ಅಣ್ಣನ ಪೆಟ್ಟಿಗೆಯ ಬೆನ್ನಿನ ಹಲಗೆಗೆ ಕೈ ಹಾಕಿದ್ದಾನೆ!

"ನಾನು ಕಳ್ಳ ಅಲ್ಲ ಮೇಡಂ," ಎಂದ ಅವನು, ಬಿದ್ದ ತಿರುಪುಳಿಯನ್ನು ಎತ್ತಿಕೊಳ್ಳಲೂ ಹೆದರಿ. "ಮೈಕ್ ಸೆಟ್ ಅಂಗಡಿಯಿಂದ ಬಂದಿದೀನಿ. ಕೆಂಪಯ್ಯ ಅಂತ. ರಾಮನವಮಿ ಪೆಂಡಾಲ್‌ನಲ್ಲಿ ನೀವು ಗಿಟಾರ್ ನುಡಿಸ್ತೀರಂತಲ್ಲ, ಸಂಘದೋರು ಕಳಿಸಿದ್ರು. ಅಮ್ಮಾವ್ರನ್ನ ಕೇಳೇ ಒಳಗೆ ಬಂದೆ."

"ಕಳಿಸಿದ್ರೆ ಬಿಚ್ಚಿಬಿಡೋದಾ?"

"ಬಿಚ್ಚದೆ ದೊಡ್ಡ ಸ್ಪೀಕರ್ ಬಾಕ್ಸಿಗೆ ಹೆಂಗೆ ಕನೆಕ್ಷನ್ ಕೊಡ್ಲಿ? ಇದರೊಳಗಿರೋ ಸ್ಪೀಕರ್ ಚಿಕ್ಕದು. ಪೆಂಡಾಲ್‌ನಲ್ಲಿ ಮೂರನೇ ಸಾಲಿಗೇ ಕೇಳಲ್ಲ."

"ಮುಂದೆ ಒಂದು ಮೈಕ್ ಇಡಿ."

"ಕುಂಯ್ ಅನ್ನುತ್ತೆ. ಹಾರ್ನ್‌ನಲ್ಲಿ ಬಿಟ್ರೆ ನಿಮ್ಮ ಗಿಟಾರು ಎಲೆಕ್ಷನ್ ಭಾಷಣದ ಥರ ಕೇಳುತ್ತೆ. ಪರವಾಗಿಲ್ವಾ?"

ಅನಂತಲಕ್ಷ್ಮಿಗೆ ಫಕ್ಕನೆ ನಗು ಬಂತು. ಕೋಪದಲ್ಲಿದ್ದವಳು ನಗಬಾರದೆಂದು ತುಟಿ ಕಚ್ಚಿ ಹಿಡಿದಳು.

ಆ ಪೆಟ್ಟಿಗೆಯ ಕಥೆ ಅವನಿಗೇನು ಗೊತ್ತು, ಪಾಪ! ಆಂಪ್ಲಿಫೈಯರ್, ಸ್ಪೀಕರ್ ಎರಡೂ ಒಂದರಲ್ಲೇ ಇದ್ದ ಆ ಮರದ ಪೆಟ್ಟಿಗೆಯನ್ನು ಅವಳ ಅಣ್ಣ ಮುನಿವೆಂಕಟಪ್ಪ ತನ್ನ ಹವಾಯಿ ಗಿಟಾರಿಗೆಂದು ಸ್ವಂತ ಕೈಯಿಂದ ಮಾಡಿದ್ದ. ರೇಡಿಯೋ ರಿಪೇರಿ ಕಲಿತವನು. ಒಳಗಿನ ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತಿದ್ದೂ ಅವನೇ. ಭಾನುವಾರಗಳಲ್ಲಿ ತಾಯಿ ಮುನಿತಾಯಮ್ಮ ತಂತಿಯ ಉರುಳೆ ಹಿಡಿದು ಕೂರುವಳು, ಮಗ ಒಂದೊಂದೇ ಸುತ್ತು ಎಣಿಸುತ್ತಾ ಸುತ್ತುವನು.

ಒಂದೂವರೆ ವರ್ಷದ ಹಿಂದೆ ಟೈಫಾಯ್ಡ್ ಬಂತು. ಅಣ್ಣ ಹೋದ, ಪೆಟ್ಟಿಗೆ ಉಳಿಯಿತು.

ಅಂದಿನಿಂದ ಪ್ರತಿ ಸಂಜೆ ಅನಂತಲಕ್ಷ್ಮಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಣ್ಣ ಕಲಿಸಿದಷ್ಟನ್ನು ನುಡಿಸುವಳು. ತಾಯಿ ಪೆಟ್ಟಿಗೆಯ ಮುಂಭಾಗದ ಬಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣುಮುಚ್ಚಿ ಕೂರುವಳು. ಬಟ್ಟೆಯ ಹಿಂದೆ ಸ್ಪೀಕರ್ ನಡುಗುವುದು ಕೈಗೆ ತಿಳಿಯುತ್ತಿತ್ತು.

"ನನ್ ವೆಂಕಟ ಉಸಿರಾಡ್ತಾವ್ನೆ ಕಣೇ," ಎನ್ನುವಳು.

ಅಂಥ ಪೆಟ್ಟಿಗೆಗೆ ತಿರುಪುಳಿ ಹಾಕಿದರೆ ಹುಡುಗಿ ಸುಮ್ಮನಿರುತ್ತಾಳೆಯೇ?

ಕೊನೆಗೆ ತಿರುಪುಗಳನ್ನು ಅವಳೇ ಬಿಚ್ಚಿದಳು. ಒಳಗೆ ಇಣುಕಿದ ಕೆಂಪಯ್ಯ ತಲೆಯನ್ನು ತಂತಿಯ ಸುತ್ತುಗಳ ಹತ್ತಿರಕ್ಕೆ ತಂದ.

"ಈ ಟ್ರಾನ್ಸ್‌ಫಾರ್ಮರ್ ಸುತ್ತಿದ್ದು ಯಾರು?"

"ನಮ್ಮಣ್ಣ. ಯಾಕೆ, ತಪ್ಪಿದೆಯಾ?"

"ತಪ್ಪಾ! ಆರು ವರ್ಷದಿಂದ ಈ ಕೆಲಸದಲ್ಲಿದೀನಿ. ಒಂದು ಸುತ್ತಿನ ಮೇಲೆ ಇನ್ನೊಂದು ಹತ್ತಿಲ್ಲ ನೋಡಿ... ನಾನು ಇವರ ಕೈಕೆಳಗೆ ಕಲೀಬೇಕಿತ್ತು."

ಅಣ್ಣ ಹೋದ ಮೇಲೆ ಬಂದವರೆಲ್ಲ 'ಒಳ್ಳೇ ಹುಡುಗ, ಅನ್ಯಾಯವಾಗಿ ಹೋದ' ಎಂದಿದ್ದರು. ಅವನ ಕೆಲಸ ಚೆನ್ನಾಗಿದೆ ಎಂದವನು ಇವನೊಬ್ಬನೇ. ಅನಂತಲಕ್ಷ್ಮಿಯ ಕಣ್ಣು ತುಂಬಿ ಬಂತು. ಕಾಫಿ ತರುತ್ತೇನೆಂದು ಒಳಗೆ ಓಡಿದಳು.

ಆಮೇಲೆ ಕೆಂಪಯ್ಯ ಅಳತೆಗೆಂದು ಬಂದ, ಸಾಕೆಟ್ ಕೂರಿಸಲು ಬಂದ, ಕೂರಿಸಿದ ಸಾಕೆಟ್ ಸರಿಯಾಗಿದೆಯೇ ಎಂದು ನೋಡಲು ಬಂದ. ಅರ್ಧ ದಿನದ ಕೆಲಸಕ್ಕೆ ಆರು ಸಲ ಬಂದ! ಮುನಿತಾಯಮ್ಮನಿಗೆ ಅರ್ಥವಾಗದೆ ಇರುತ್ತದೆಯೇ? ಮಗಳ ಜಡೆಗೆ ದಿನಾ ಹೂವು ಹೆಚ್ಚಾಗುತ್ತಿದ್ದುದನ್ನೂ ಅವಳು ನೋಡಿದ್ದಳು. ನೋಡಿಯೂ ನೋಡದವಳಂತೆ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದಳು.

ದೊಡ್ಡ ಬಾಕ್ಸನ್ನು ಅವನು ಅಂಗಡಿಯ ಶೆಡ್ಡಿನಲ್ಲಿ ತಾನೇ ತಯಾರು ಮಾಡಿದ. ಹಲಸಿನ ಹಲಗೆ, ಮೊರದಷ್ಟು ಅಗಲದ ಎರಡು ಸ್ಪೀಕರ್. ಎರಡನ್ನೂ ಒಂದಕ್ಕೊಂದು ಸೇರಿಸಿ, ಅಣ್ಣನ ಚಿಕ್ಕ ಸ್ಪೀಕರಿನ ಓಮ್ಸಿಗೆ, ಅಂದರೆ ವಿದ್ಯುತ್ ತಡೆಯ ಲೆಕ್ಕಕ್ಕೆ, ಸರಿಯಾಗಿ ಹೊಂದಿಸಿದ್ದ.

"ಹಬ್ಬದ ದಿನ ಚಿಕ್ಕ ಸ್ಪೀಕರಿನ ತಂತಿ ಬಿಡಿಸಿ ದೊಡ್ಡದಕ್ಕೆ ಕೊಡ್ತೀನಿ," ಎಂದು ಅವಳಿಗೆ ತೋರಿಸಿದ. "ಆಗ ಚಿಕ್ಕದು ಸುಮ್ಮನಿರುತ್ತೆ. ಒಂದೇ ಒಂದು ಮಾತು ಮೇಡಂ... ವಾಲ್ವ್ ಉರೀತಿರುವಾಗ, ಅಂದ್ರೆ ಪೆಟ್ಟಿಗೆ ಆನ್ ಇರುವಾಗ, ಬಾಕ್ಸಿನ ತಂತಿ ಕಳಚಬಾರದು. ಒಳಗಿಂದ ಹೊರಟಿದ್ದಕ್ಕೆ ಹೋಗೋಕೆ ಜಾಗ ಇಲ್ದೆ ಟ್ರಾನ್ಸ್‌ಫಾರ್ಮರನ್ನೇ ಸುಟ್ಟುಹಾಕುತ್ತೆ."

"ಮನುಷ್ಯರ ಥರಾನೇ ಅನ್ನಿ," ಎಂದಳು.

ಅವನು ತಲೆಯೆತ್ತಿ ನೋಡಿದ. ಅವಳು ತಲೆ ತಗ್ಗಿಸಿದಳು. ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಈ ಮಾತನ್ನು ಹೇಳಬೇಕೆಂದು ಆ ಇಬ್ಬರಿಗೂ ಹೊಳೆಯಲಿಲ್ಲ. ಆ ವಯಸ್ಸಿನಲ್ಲಿ, ಆ ಗಳಿಗೆಯಲ್ಲಿ, ಯಾರಿಗೆ ತಾನೇ ಹೊಳೆಯುತ್ತದೆ?

ರಾಮನವಮಿಯ ದಿನ ಬೆಳಿಗ್ಗೆ ಪೆಂಡಾಲಿನಲ್ಲಿ ತಂತಿ ಎಳೆಯುತ್ತಿದ್ದವನು ಅವಳ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಇವತ್ತು ಪ್ರೋಗ್ರಾಮ್ ಮುಗಿದ್ಮೇಲೆ ಅಮ್ಮಾವ್ರ ಹತ್ರ ಒಂದು ಮಾತು ಕೇಳ್ಬೇಕು. ಕೇಳ್ಲಾ?"

"ನನ್ನನ್ನ ಯಾಕೆ ಕೇಳ್ತೀರಿ? ಕೇಳಬೇಕಾದವರನ್ನ ಕೇಳಿ," ಎಂದು ಓಡಿಹೋದಳು. ಪಾನಕ ಹಂಚುತ್ತಿದ್ದ ಹೆಂಗಸರು ಅವಳ ಮುಖದ ಕೆಂಪು ನೋಡಿ ಬಿಸಿಲು ಜಾಸ್ತಿಯಾಯಿತೇನೋ ಎಂದುಕೊಂಡರು!

ಸಂಜೆ ಐದಕ್ಕೆ ಪೆಂಡಾಲ್ ತುಂಬಿತ್ತು. ವೇದಿಕೆಯ ಮೇಲೆ ಅವಳ ಬೆನ್ನ ಹಿಂದೆ, ಜನರಿಗೆ ಕಾಣದಂತೆ ದೊಡ್ಡ ಬಾಕ್ಸಿನ ಮರೆಯಲ್ಲಿ, ಅಣ್ಣನ ಪೆಟ್ಟಿಗೆಯ ಪಕ್ಕ ಮುನಿತಾಯಮ್ಮ ಕೂತಿದ್ದಳು. ಅನಂತಲಕ್ಷ್ಮಿ ಉಕ್ಕಿನ ಕಡ್ಡಿಯನ್ನು ತಂತಿಯ ಮೇಲೆ ಜಾರಿಸಿದಳು. ಅಬ್ಬಾ! ದೊಡ್ಡ ಬಾಕ್ಸಿನಿಂದ ಹೊರಟ ನಾದ ಕೊನೆಯ ಸಾಲು ದಾಟಿ, ರಸ್ತೆ ದಾಟಿ, ಖಾಲಿ ಸೈಟುಗಳ ಮೇಲೆಲ್ಲ ಹರಡಿತು. ಕುರುಬರಹಳ್ಳಿ ಕಡೆ ಹೊರಟಿದ್ದ ಗಾಡಿಯವರೂ ಎತ್ತು ನಿಲ್ಲಿಸಿ ಕೇಳಿದರು. ಅಣ್ಣಾ, ಕೇಳ್ತಿದೆಯಾ... ಎಂದುಕೊಂಡು ಅವಳು ಕಣ್ಣು ಮುಚ್ಚಿದಳು.

ಎರಡನೆಯ ಹಾಡಿನ ನಡುವೆ ನಾದ ನಿಂತುಹೋಯಿತು.

ಅವಳ ಕೈ ಇನ್ನೂ ಜಾರುತ್ತಲೇ ಇತ್ತು. ಕಣ್ಣು ಬಿಡುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ತಿರುಗಿ ನೋಡಿದಳು. ಅಣ್ಣನ ಪೆಟ್ಟಿಗೆಯ ಬೆನ್ನಿನಿಂದ ಹೊಗೆ ಬರುತ್ತಿತ್ತು. ಪಕ್ಕದಲ್ಲಿ ಕೆಂಪಯ್ಯ ನಿಂತಿದ್ದ. ಅವನ ಕೈಯಲ್ಲಿ ದೊಡ್ಡ ಬಾಕ್ಸಿನ ತಂತಿ ಇತ್ತು.

"ನೀವು... ನೀವೇ ಕಿತ್ತಿರಾ?"

ಅವನು ಒಮ್ಮೆ ಅವಳ ತಾಯಿಯ ಕಡೆ ನೋಡಿದ. ಮುನಿತಾಯಮ್ಮ ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತಿದ್ದಳು.

"ಹೌದು," ಎಂದ. "ತಪ್ಪು ನಂದೇ."

"ಕಳಚಬಾರದು ಅಂತ ಹೇಳಿದ್ದು ನೀವೇ ಅಲ್ವಾ! ನನಗೆ ಪಾಠ ಹೇಳಿ ನೀವೇ..." ಅವಳ ಧ್ವನಿ ಒಡೆಯಿತು. ಇಡೀ ಪೆಂಡಾಲ್ ಕೇಳುತ್ತಿದೆ ಎನ್ನುವುದೂ ಮರೆತುಹೋಯಿತು. "ಟೈಫಾಯ್ಡ್ ಒಂದು ಸಲ ಕೊಂದಿತ್ತು ನಮ್ಮಣ್ಣನ್ನ. ನೀವು ಎರಡನೇ ಸಲ ಕೊಂದ್ರಿ!"

ಕೆಂಪಯ್ಯ ತಲೆ ತಗ್ಗಿಸಿದ.

ಮಾರನೆಯ ದಿನ ಬಾಗಿಲಿಗೆ ಬಂದ. "ಪೆಟ್ಟಿಗೆ ಕೊಡಿ ಅಮ್ಮಾ, ಟ್ರಾನ್ಸ್‌ಫಾರ್ಮರ್ ಹೊಸದಾಗಿ ಸುತ್ತಿ ತರ್ತೀನಿ."

"ನನ್ ಮಗ ಸುತ್ತಿದ್ದನ್ನ ಸುಟ್ಟವನು ನೀನು. ನೀನು ಸುತ್ತಿದ್ದು ನಂಗ್ಯಾಕೆ?" ಎಂದಳು ಮುನಿತಾಯಮ್ಮ. "ಇನ್ನೊಂದ್ಸಲ ಈ ಹೊಸಲಿಗೆ ಬಂದ್ರೆ ನಾನು ಸತ್ತಷ್ಟೇ ಆಣೆ."

ಬಾಗಿಲು ಹಾಕಿದ್ದು ಅನಂತಲಕ್ಷ್ಮಿ. ಚಿಲಕ ಹಾಕುವಾಗ ಅವಳ ಕೈ ಒಂದು ಕ್ಷಣ ತಡೆಯಿತು. ಆದರೂ ಹಾಕಿದಳು.

ತಂತಿ ಸುಟ್ಟವನೆಂಬ ಹೆಸರು ಹೊತ್ತವನಿಗೆ ಯಾರು ಮೈಕ್ ಸೆಟ್ಟಿನ ಕೆಲಸ ಕೊಡುತ್ತಾರೆ? ಕೆಂಪಯ್ಯ ಊರಿಗೆ ಹೋದನಂತೆ ಎಂಬ ಸುದ್ದಿ ಮಾತ್ರ ಕಿವಿಗೆ ಬಿತ್ತು. ಹಾಗೇ ಆಗಬೇಕು ಎಂದುಕೊಂಡಳು. ಎಂದುಕೊಂಡ ದಿನವೇ ದಿಂಬು ಒದ್ದೆಯಾಯಿತು.

ಆರು ತಿಂಗಳು ಕಳೆದವು. ಒಂದು ಭಾನುವಾರ ಮಧ್ಯಾಹ್ನ ಸತ್ತ ಪೆಟ್ಟಿಗೆಯ ಮುಂದೆ ಕೂತಿದ್ದ ಮುನಿತಾಯಮ್ಮ, ಯಾರಿಗೂ ಹೇಳದವಳಂತೆ ಮಾತಾಡಿದಳು.

"ಇನ್ನೊಂದು ಗಳಿಗೆ ಬಿಟ್ಟಿದ್ರೆ ಬರ್ತಿತ್ತು ಕಣೇ."

"ಏನಮ್ಮಾ ಬರ್ತಿತ್ತು?"

"ವೆಂಕಟನ ಉಸಿರು. ಅವತ್ತು ಕೈ ಇಟ್ರೆ ನಮ್ ಪೆಟ್ಟಿಗೆ ಅಲ್ಲಾಡ್ತಾನೇ ಇರ್ಲಿಲ್ಲ. ಎಲ್ಲಾ ಆ ದೊಡ್ ಬಾಕ್ಸೇ ಎಳ್ಕೊಂಡಿತ್ತು. ಅದಕ್ಕೇ ಅದರ ತಂತಿ ಎಳೆದು ಬಿಡಿಸ್ದೆ, ನಮ್ ಪೆಟ್ಟಿಗೆಗೇ ವಾಪಸ್ ಬರ್ಲಿ ಅಂತ. ಬರೋಷ್ಟರಲ್ಲಿ ಆ ಪಾಪಿ ಓಡಿಬಂದು ತಂತಿ ಮತ್ತೆ ತುರುಕಿ ಸುಟ್ಟುಬಿಟ್ಟ."

ಅನಂತಲಕ್ಷ್ಮಿಯ ಕೈಯಲ್ಲಿದ್ದ ಮೊರ ಜಾರಿ ಅಕ್ಕಿ ನೆಲದ ತುಂಬ ಚೆಲ್ಲಿತು.

ಅಮ್ಮ... ಅಮ್ಮನೇ!

ಅವನು ಸುಡಲಿಲ್ಲ. ಉಳಿಸಲು ಓಡಿಬಂದಿದ್ದ. ಉರುಳೆ ಹಿಡಿದು ಮಗನ ಜೊತೆ ಕೂತಿದ್ದ ಕೈಯೇ ಅದನ್ನು ಸುಟ್ಟಿತ್ತು. ಆ ಕೈಗೆ ಅದು ತಿಳಿಯಬಾರದೆಂದು ಅವನು ನಾಲ್ಕು ಜನರ ಮುಂದೆ ತಲೆ ತಗ್ಗಿಸಿದ್ದ. ತಾನು ಏನೆಂದೆ ಅವನಿಗೆ? ಎರಡನೇ ಸಲ ಕೊಂದಿರಿ ಎಂದೆ...

ಅವಳು ಅಕ್ಕಿ ಬಳಿಯುವ ನೆಪದಲ್ಲಿ ನೆಲಕ್ಕೆ ಬಗ್ಗಿ ಅತ್ತಳು. ಅಮ್ಮನಿಗೆ ಒಂದು ಮಾತೂ ಹೇಳಲಿಲ್ಲ.

ಮಾರನೆಯ ದಿನ ಶಿಶುವಿಹಾರಕ್ಕೆ ರಜಾ ಹಾಕಿ, ಅವನ ಅಂಗಡಿಯಲ್ಲಿ ಊರು ಕೇಳಿಕೊಂಡು, ಮಾಗಡಿ ರಸ್ತೆಯ ಬಸ್ಸು ಹತ್ತಿ ಸುಂಕದಕಟ್ಟೆಯಲ್ಲಿ ಇಳಿದಳು. ರಸ್ತೆ ಪಕ್ಕದ ಹೊಲದಲ್ಲಿ ಕೆಂಪಯ್ಯ ರಾಗಿಯ ಕಳೆ ಕೀಳುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ, ಮಣ್ಣಾದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಯಾಕೆ ಹೇಳಲಿಲ್ಲ?" ಎಂದಳು.

ಅವನಿಗೆ ತಕ್ಷಣ ಅರ್ಥವಾಯಿತು. ಮುಖ ಬಿಳಿಚಿಕೊಂಡಿತು. "ಅಮ್ಮಾವ್ರಿಗೆ ಗೊತ್ತಾಗೋಯ್ತಾ?"

ಆರು ತಿಂಗಳಾದ ಮೇಲೆ ಅವನ ಬಾಯಿಂದ ಬಂದ ಮೊದಲ ಪ್ರಶ್ನೆ ಇದು! ಅನಂತಲಕ್ಷ್ಮಿ ಹೊಲದ ಬದುವಿನ ಮೇಲೆ ಕುಸಿದು ಕೂತಳು.

"ಇಲ್ಲ. ನೀವೇ ಸುಟ್ಟಿದ್ದು ಅಂತಾನೇ ತಿಳ್ಕೊಂಡಿದಾಳೆ."

"ಈಗ್ಲೂ ಬೈತಾರಾ?"

"ದಿನಾ."

"ಬೈಲಿ ಬಿಡಿ. ಬೈಯೋಕೆ ಒಬ್ಬ ಇದ್ರೆ ಅಳು ಸ್ವಲ್ಪ ಕಮ್ಮಿಯಾಗುತ್ತೆ."

"ನಾನೂ ಬೈದೆ ಅಲ್ವಾ... ಎಂಥ ಮಾತಾಡ್ಬಿಟ್ಟೆ ನಿಮಗೆ. ಕಾಲು ಹಿಡ್ಕೊಂಡ್ರೂ ಹೋಗಲ್ಲ ಅದು."

"ಅಷ್ಟು ಪ್ರೀತಿಸಿದ ಅಣ್ಣ. ಇನ್ನೇನು ಅಂತೀರಿ?" ಅವನು ಸ್ವಲ್ಪ ದೂರದಲ್ಲಿ ಕೂತ. "ತಪ್ಪು ನಂದೂ ಇದೆ ಮೇಡಂ. ನಿಮಗೆ ಹೇಳಿದ್ದನ್ನ ಅವರಿಗೂ ಹೇಳ್ಬೇಕಿತ್ತು. ನಿಮ್ಮ ಮುಖ ನೋಡ್ತಾ ಮರೆತೆ."

"ನಾನು ಹೇಳ್ತೀನಿ ಅಮ್ಮನಿಗೆ!" ಅವಳು ತಟ್ಟನೆ ಎದ್ದಳು. "ನಿಜ ಹೇಳಿ, ನಿಮ್ಮನ್ನ ಕೈ ಹಿಡಿದು ಮನೆಗೆ ಕರ್ಕೊಂಡು ಹೋಗ್ತೀನಿ. ನನಗೆ ನೀವು ಬೇಕು. ಆವತ್ತು ಬೆಳಿಗ್ಗೆ ನೀವು ಕೇಳ್ತೀನಿ ಅಂದಾಗ್ಲೇ ನನ್ನ ಮನಸ್ಸು ಹ್ಞೂಂ ಅಂದಿತ್ತು..."

ಅವನ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಮಣ್ಣು ಮಾಡಿಕೊಂಡ.

"ನಂಗೂ ನೀವೇ ಬೇಕಾಗಿದ್ದು. ಈಗ್ಲೂ ಅಷ್ಟೇ, ಮುಂದೂ ಅಷ್ಟೇ. ಆದ್ರೆ ಒಂದು ಹೇಳಿ... ಮಗನ ಉಸಿರು ಅಂತ ನಂಬಿದ್ದನ್ನ ತಾನೇ ನಿಲ್ಲಿಸ್ದೆ ಅಂತ ಗೊತ್ತಾದ್ರೆ, ಆಮೇಲೆ ಅವರು ಅನ್ನ ತಿಂತಾರಾ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ನಿಜ ಹೇಳದೆ ಅಮ್ಮ ಅವನನ್ನು ಹೊಸಲು ದಾಟಲು ಬಿಡುವುದಿಲ್ಲ. ಅಮ್ಮನಿಗೆ ಈಗ ಉಳಿದಿರುವುದು ಇವಳೊಬ್ಬಳೇ. ಅವಳನ್ನು ಬಿಟ್ಟು ಬರಲು ಇವಳಿಂದ ಆಗುವುದಿಲ್ಲ.

"ಹಾಗಾದ್ರೆ ಕಾಯ್ತೀರಾ? ಅಮ್ಮ ಇರೋ..."

ಕಾಯುವುದೆಂದರೆ ಯಾವ ದಿನಕ್ಕೆ ಎನ್ನುವುದು ಆಗಷ್ಟೇ ಅವಳಿಗೆ ಹೊಳೆದಿತ್ತು. ಛೇ! ಎಂದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಆ ಲೆಕ್ಕ ನಾವು ಹಾಕೋದು ಬೇಡ," ಎಂದ ಕೆಂಪಯ್ಯ ಮೆಲ್ಲಗೆ. "ಅವರು ನೂರು ವರ್ಷ ಇರ್ಲಿ."

ಇಬ್ಬರೂ ರಸ್ತೆಗೆ ಬಂದು ಆಲದ ಮರದ ಕೆಳಗೆ ನಿಂತರು. ದೂರದಲ್ಲಿ ಧೂಳೆದ್ದಿತು. ಮಾಗಡಿ ಕಡೆಯಿಂದ ಬಸ್ಸು ಬರುತ್ತಿತ್ತು.

"ನಿಮ್ಮ ಬಸ್," ಎಂದ.

"ಇದರ ಮೇಲೆ ಇನ್ನೊಂದಿದೆಯಾ?"

"ಐದೂವರೆಗೆ. ಅದೇ ಕೊನೇದು."

ಬಸ್ಸು ನಿಂತಿತು. "ಬೇಗ ಹತ್ತಮ್ಮಾ," ಎಂದ ಕಂಡಕ್ಟರ್. ಅವಳು ಇಲ್ಲವೆಂದು ತಲೆಯಾಡಿಸಿದಳು. ಬಸ್ಸು ಹೊರಟುಹೋಯಿತು.

ಕೆಂಪಯ್ಯ ಮರದ ಬೇರಿನ ಮೇಲಿನ ಒಣ ಎಲೆಗಳನ್ನು ಸರಿಸಿ ಅವಳಿಗೆ ಕೂರಲು ಜಾಗ ಮಾಡಿದ. ಆಮೇಲೆ ಮೊದಲ ಸಲ ಮೇಡಂ ಎನ್ನುವುದನ್ನು ಬಿಟ್ಟ.

"ಅನಂತೂ..."

"ಹ್ಞೂಂ?"

"ಅಳ್ತಾ ಅಳ್ತಾ ಐದೂವರೆ ಮಾಡ್ಬೇಡ. ಏನಾದ್ರೂ ಮಾತಾಡು."

"ಏನ್ ಮಾತಾಡ್ಲಿ?"

"ಏನಾದ್ರೂ. ಇನ್ಮುಂದಿನ ದಿನಕ್ಕೆಲ್ಲ ಸಾಕಾಗೋಷ್ಟು."

"ಸಾಕಾಗಲ್ಲ ರೀ..."

"ಗೊತ್ತು," ಎಂದ. "ಆದ್ರೂ ಮಾತಾಡು."