ಕಾಲರ್ ಕಟ್ಟಿನೊಳಗಿನ ಮೊಬೈಲ್

ಗಾರ್ಮೆಂಟ್ ಫ್ಯಾಕ್ಟರಿಯ ತನ್ನ ಹೊಲಿಗೆ ಮಿಷನ್ ಪಕ್ಕ, ಕತ್ತರಿಸಿಟ್ಟ ಕಾಲರುಗಳ ಕಟ್ಟಿಗೆ ಕೈ ಹಾಕಿದವಳಿಗೆ ಮೊಬೈಲ್ ಸಿಕ್ಕಿತು. ಪರದೆಯ ಮೇಲೆ ಕೆಂಪು ಚುಕ್ಕೆ... ರೆಕಾರ್ಡ್ ಆಗುತ್ತಿದೆ!

"ಯಾರದಿದು?"

ಇಸ್ತ್ರಿ ಮೇಜಿನಿಂದ ಅವನು ಓಡಿಬಂದ. ಹೊಸಬ. ಸದಾ ಬಾಯೊಳಗೇ ಏನೋ ಗೊಣಗುವ ಅವನಿಗೆ ಹೊಲಿಗೆಯವರು ಇಟ್ಟ ಹೆಸರು 'ವಟವಟ'.

"ನಂದು... ಕೊಡಿ."

ಅವಳಿಗೆ ಮೈಯೆಲ್ಲ ಉರಿಯಿತು. ಬೇರೆ ಕಡೆ ಕೆಲಸ ಹುಡುಕುತ್ತಿರುವುದನ್ನು ಅವಳು ಹೇಳಿದ್ದು ಗುಂಡಿ ಹಾಕುವ ಅಕ್ಕನೊಬ್ಬಳಿಗೇ, ಅದೂ ಇದೇ ಮಿಷನ್ ಮುಂದೆ ಕೂತು. ಮಾರನೆಯ ದಿನವೇ ಸೂಪರ್‌ವೈಸರ್ ಕರೆದು, "ಇನ್ನೊಂದು ಮಾತು ಕೇಳಿಬಂದ್ರೆ ಮನೆಗೆ ನಡಿ" ಎಂದಿದ್ದ.

ಹಾಗಾದರೆ ಚಾಡಿಕೋರ ಇವನೇ! ಇವನ ಕಣ್ಣು ನೋಡಿ ನಾನು ಏನೆಲ್ಲ ಅಂದುಕೊಂಡಿದ್ದೆ...

"ಊಟದ ಹೊತ್ತಲ್ಲಿ ಎಲ್ಲರ ಮುಂದೆ ಹಾಕು. ಕೇಳೋಣ."

"ಎಲ್ಲರ ಮುಂದೆ ಬೇಡ, ದಮ್ಮಯ್ಯ!"

ಬೇಡವೆಂದಷ್ಟೂ ಅನುಮಾನ ಬಲಿಯಿತು.

ಬುತ್ತಿ ಬಿಚ್ಚಿದವರ ನಡುವೆ ಅವನು ತಲೆ ತಗ್ಗಿಸಿ ಹಿಂದಿನ ದಿನದ ರೆಕಾರ್ಡಿಂಗ್ ಹಾಕಿದ. ಅದರಲ್ಲಿ ಯಾರ ಮಾತೂ ಇರಲಿಲ್ಲ. ಅವಳದೇ ಮಿಷನ್ನಿನ ಗರ್ರ್... ಟಕ್. ಟಕ್. ಅದರ ಮೇಲೆ, ಆಮೇಲೆ ಸೇರಿಸಿದ ಅವನದೇ ಒರಟು ದನಿ:

'ನೂರು ಅಂಗಿ ಉಜ್ಜಿ ಕೊಟ್ಟೆ, ನನ್ನ ಸುಕ್ಕು ಹೋಗಲ್ಲ;
ಬಾಗಿಲು ಬಡಿದು ಕೈ ಸೋತಿದೆ, ಒಳಕ್ಕೆ ಯಾರೂ ಕೂಗಲ್ಲ!'

"ಅಯ್ಯೋ, ರ‍್ಯಾಪು!" ಯಾರೋ ನಕ್ಕರು.

"ಮೂರು ಸ್ಟುಡಿಯೋದವರು ತಾಳ ಸರಿಯಿಲ್ಲ ಅಂತ ಕಳಿಸಿಬಿಟ್ರು," ಅವನೆಂದ.

ಅವಳು ಸೋಲಲಿಲ್ಲ. "ಮತ್ತೆ ಸೂಪರ್‌ವೈಸರಿಗೆ ಹೇಳಿದ್ಯಾರು?"

ಅಕ್ಕ ತುತ್ತು ನುಂಗಲಾರದೆ ಕೆಮ್ಮಿದಳು. "ನಾನೇ ಕಣೇ! ಅವತ್ತು ಸೂಪರ್‌ವೈಸರ್ ನಂಗೆ ಬೈದ್ನಲ್ಲ, ಸಿಟ್ಟು ಬಂತು. 'ಅವಳೂ ಹೋದ್ರೆ ಕಾಲರ್ ನೀವೇ ಹೊಲ್ಕೊಳ್ಳಿ' ಅಂದುಬಿಟ್ಟೆ..."

ಅವನ ಮೇಲೆ ತಪ್ಪು ಹೊರಿಸಿದವಳ ಮುಖ ಕೆಂಪಾಯಿತು. ಅವನು ಮೊಬೈಲ್ ಎತ್ತಿಕೊಂಡು ಇಸ್ತ್ರಿ ಕೋಣೆಗೆ ಹೋಗಿಬಿಟ್ಟ. ಅವಳು ಹಿಂದೆಯೇ ಓಡಿದಳು.

"ಇಪ್ಪತ್ತು ಮಿಷನ್ ಇವೆ. ನಂದೇ ಯಾಕೆ?"

"ಉಳಿದವರು ಕಾಲರ್ ಮೂಲೇಲೂ ಓಡಿಸ್ತಾರೆ. ನೀವು ಮಾತ್ರ ನಿಲ್ಲಿಸಿ, ಕೈಯಲ್ಲಿ ಚಕ್ರ ತಿರುಗಿಸಿ ಎರಡು ಹೊಲಿಗೆ ಹಾಕ್ತೀರಿ. ಆ ಎರಡು ಟಕ್ ಮೇಲೆ ನನ್ನ ಪದ ಕೂತ್ಕೊಳ್ತವೆ."

"ಕೇಳಿದ್ರೆ ನಾನೇನು ತಿಂದುಬಿಡ್ತಿದ್ನಾ?"

"ಕೇಳಿದ್ರೆ ನೀವು ಹುಷಾರಾಗಿ ಹೊಲೀತಿದ್ರಿ, ತಾಳ ಕೆಡ್ತಿತ್ತು. ಮತ್ತೆ... ನಿಮ್ಮ ಹತ್ರ ಬಂದ್ರೆ ನನ್ನ ಬಾಯಿ ಕಟ್ಟತ್ತೆ. ನೀವಂದ್ರೆ ನಂಗೆ..."

ಅವಳು ಹುಬ್ಬು ಗಂಟಿಕ್ಕಿದಳು. "ಇದೂ ಹಾಡಿನ ಸಾಲಾ?"

"ಅಲ್ಲ. ಇದಕ್ಕಿನ್ನೂ ಪ್ರಾಸ ಸಿಕ್ಕಿಲ್ಲ."

"ಸಿಗೋದೂ ಬೇಡ," ಅವಳ ದನಿ ಮೆತ್ತಗಾಯಿತು. "ಹಾಗೇ ಹೇಳು."