ಎಡಗೈಯ ಬೆಳ್ಳಿ

2025ರ ಮಾರ್ಚ್ ಹನ್ನೊಂದರ ಬೆಳಿಗ್ಗೆ ಮಹಾರಾಷ್ಟ್ರ ಗಡಿಯ ಉಮರ್ಗಾ ಠಾಣೆಗೆ ಬಂದ ಚಂಪಾಬಾಯಿ ಬಾಯಿ ತೆರೆಯುವ ಮೊದಲೇ ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಕರಿಮಣ್ಣನ್ನು ಪಿಎಸ್‌ಐ ಯೋಗಿತಾಳ ಮೇಜಿನ ಮೇಲೆ ಸುರಿದಳು.

“ಗುಂಜೋಟಿ ಶಿವಾರದಾಗಿನ ನಮ್ಮ ಹೊಲದ್ದು ನೋಡವ್ವ. ಯಾರೋ ಮಿಷಿನ್ ತಂದು ಅಲ್ಲಲ್ಲಿ ತಗ್ಗು ತೋಡ್ಯಾರ.”

“ಎಂಥಾ ಮಿಷಿನ್, ಅಜ್ಜಿ?”

“ಕೋಲಿಗಿ ತಾಟು ಕಟ್ಟಿದಂಗ ಅದ. ಕುಯ್ ಕುಯ್ ಅಂತದ.”

ಫಿರ್ಯಾದನ್ನು ಮರಾಠಿಯಲ್ಲಿ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಧೀರಜ ನಕ್ಕ. “ಮೆಟಲ್ ಡಿಟೆಕ್ಟರ್ ಮ್ಯಾಡಮ್. ನಿಜಾಮನ ನಾಣ್ಯ ಹುಡುಕೋರು. ಮೊಬೈಲ್ ನೋಡಿ ನೋಡಿ ಎಲ್ಲಾರಿಗೂ ಹುಚ್ಚು ಹಿಡದದ.”

“ನಗಬ್ಯಾಡಪ್ಪಾ. ಆ ಹೊಲದಾಗ ನಮ್ಮ ಹಿರ್ಯಾರು ಕುಂತಾರ. ನಮ್ಮ ಮಾವ, ನಮ್ಮ ಯಜಮಾನ್ರು, ಎಲ್ಲಾರೂ ಅಲ್ಲೇ. ಅವ್ರ ಕೈಯಾಗಿನ ಬೆಳ್ಳಿ ಮ್ಯಾಲ ಆ ಕಳ್ಳನ ಕಣ್ಣು.”

ಧೀರಜನಿಗೆ ಅರ್ಥವಾಗಲಿಲ್ಲ. ಯೋಗಿತಾಳಿಗೆ ಆಯಿತು. ಅವಳು ದೇವಣಿ ಕಡೆಯ ಲಿಂಗವಂತರ ಮನೆಯವಳು. ಅವಳ ಕೊರಳಲ್ಲೂ ಯೂನಿಫಾರ್ಮಿನ ಒಳಗೆ ಲಿಂಗದ ದಾರವಿತ್ತು. ಸತ್ತವರನ್ನು ಸ್ವಂತ ಹೊಲದಲ್ಲಿ ಆಳವಾದ ಗುಂಡಿ ತೋಡಿ ಕೂರಿಸಿ, ಎಡಗೈಯಲ್ಲಿ ಬೆಳ್ಳಿ ಕರಡಿಗೆಯೊಳಗಿನ ಲಿಂಗವಿಟ್ಟು, ವಿಭೂತಿ ಹಾಕಿ ಮಣ್ಣು ಕೊಡುವುದು ಅವರ ಪದ್ಧತಿ. ಹಾಗಾಗಿ ಸತ್ತವರ ಮಾತು ಬಂದಾಗ ಆ ಮನೆಗಳಲ್ಲಿ ‘ಕುಂತಾರ’ ಎನ್ನುತ್ತಾರೆ.

ಅತಿಕ್ರಮ ಪ್ರವೇಶದ ಎಫ್‌ಐಆರ್ ದಾಖಲಾಯಿತು. ಮರುದಿನ ಮಧ್ಯಾಹ್ನವೇ ಧೀರಜ ಕಳ್ಳನನ್ನು ಹಿಡಿದು ತಂದ. ಬೀರಪ್ಪ ದೇವರ ಒಕ್ಕಲಿನ ಕುರಿಗಾರ ಸಿದ್ದರಾಮ, ಮೂವತ್ತೈದರ ಆಸುಪಾಸಿನವನು. ಅವನ ಬಳಿ ಒಂದು ಮಿಷಿನ್, ಒಂದು ಕುರ್ಪಿ, ಜೇಬಿನಲ್ಲಿ ತಾಮ್ರದ ಎರಡು ಹಳೆಯ ನಾಣ್ಯ ಸಿಕ್ಕವು.

“ಓಡಲೇ ಇಲ್ಲ ಮ್ಯಾಡಮ್,” ಎಂದ ಧೀರಜ. “ಬರ್ರಿ ಅಂದ. ಬೀಗರ ಮನಿಗಿ ಹೊಂಟಂಗ ಜೀಪ್ ಹತ್ತಿದ.”

ಸಂಜೆ ಚಂಪಾಬಾಯಿಯ ಮಗ ವೀರಭದ್ರ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ.

“ಕೇಸು ಬ್ಯಾಡ್ರಿ ಮ್ಯಾಡಮ್. ನಮ್ಮವ್ವಗ ವಯಸ್ಸಾಗ್ಯಾದ. ಇಂವಾ ಬಡವ ಅದಾನ, ಬಿಟ್ಟು ಬಿಡ್ರಿ.”

“ಎಫ್‌ಐಆರ್ ಆಗ್ಯಾದ. ನಾಳಿ ಹೊಲಕ್ಕ ಬಂದು ಪಂಚನಾಮಾ ಮಾಡ್ತೀವಿ.”

“ಹೊಲಕ್ಕ ಯಾಕ ಬರ್ತೀರಿ? ಕಳ್ಳ ಇಲ್ಲೇ ಅದಾನಲ್ಲ.”

“ತಗ್ಗು ಅಲ್ಲಿ ಅದಾವಲ್ಲ.”

ಅವನು ಎದ್ದು ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದ. “ಖರೇನೇ ಹೊಲಕ್ಕ ಬರ್ತೀರೇನ್ರಿ?”

ಹೊಲದ ಒಡೆಯನೇ ಪಂಚನಾಮೆಗೆ ಅಂಜುವುದೇಕೆ ಎಂದು ಯೋಗಿತಾಳಿಗೆ ಒಳಗೊಳಗೇ ಕೊರೆಯತೊಡಗಿತು. ಸಿದ್ದರಾಮನನ್ನು ಎದುರಿಗೆ ಕೂರಿಸಿಕೊಂಡಳು.

“ಎಷ್ಟು ದಿನದಿಂದ ನಾಣ್ಯ ಹುಡುಕ್ಲತ್ತಿ?”

“ನಾಣ್ಯ ಹುಡುಕ್ಲತ್ತಿಲ್ರಿ.”

“ಮತ್ತ?”

ಅವನು ನೆಲ ನೋಡಿದ. “ಪ್ರಾಜಕ್ತಾನ ಹುಡುಕ್ಲತ್ತೀನ್ರಿ.”

ಪ್ರಾಜಕ್ತಾ ವೀರಭದ್ರನ ತಂಗಿ. ಕಡತ ತೆಗೆಸಿದಾಗ 2016ರ ಮೇ ತಿಂಗಳ ನಾಪತ್ತೆ ವರದಿ ಸಿಕ್ಕಿತು. ಕಾಲೇಜಿನ ಯಾರದೋ ಜೊತೆ ಪುಣೆಗೆ ಹೋಗಿದ್ದಾಳೆಂದು ಅಣ್ಣನೇ ಬರೆದುಕೊಟ್ಟಿದ್ದ.

“ಆಕಿ ಪುಣೆಗಿ ಹೋಗೋದಿಲ್ರಿ. ನಮ್ಮ ಮನಿಗಿ ಬರೋಳಿದ್ಳು. ಅಣ್ಣಗ ಹೇಳಿ ಬರ್ತೀನಿ ಅಂದಿದ್ಳು.”

“ಆವಾಗ ಯಾಕ ಬಾಯಿ ಬಿಡಲಿಲ್ಲ?”

“ಬಿಟ್ಟಿದ್ರ ನನ್ನ ಮ್ಯಾಲೇ ಬರ್ತಿತ್ರಿ.”

“ಆ ಹೊಲದಾಗೇ ಯಾಕ ಹುಡುಕ್ದಿ?”

“ಬ್ಯಾಸಗ್ಯಾಗ ಎಲ್ಲಾರೂ ನಮ್ಮ ಕುರಿ ಕರಿಸಿ ಹೊಲದಾಗ ತರುಬ್ತಾರ್ರಿ. ರಾತ್ರಿ ಕುರಿ ನಿಂತ್ರ ಹೊಲಕ್ಕ ಗೊಬ್ಬರ. ಅವ್ರ ಹೊಲದಾಗೂ ಪ್ರತಿ ವರ್ಷ ತರುಬ್ತಿದ್ವಿ. ಆಕಿ ಕಾಣದಂಗಾದ ವರ್ಷದಿಂದ ಬ್ಯಾಡ ಅಂದಾರ. ಬ್ಯಾರೆ ಕುರಿಗಾರಗೂ ಕರದಿಲ್ಲ. ಗೊಬ್ಬರ ಬ್ಯಾಡ ಅನ್ನೋ ಒಕ್ಕಲಿಗ ಎಲ್ಲಿ ಇರ್ತಾನ್ರಿ?” ತನ್ನ ಕೊರಳು ಮುಟ್ಟಿಕೊಂಡು ಹೇಳಿದ: “ಕೊರಳಾಗ ಲಿಂಗದ ಬೆಳ್ಳಿ ಕರಡಗಿ ಹಾಕ್ಕೊಂತಿದ್ಳು. ಮಿಷಿನ್‌ಗಿ ಬೆಳ್ಳಿ ಕೇಳಸ್ತದ ಅಂತ ಗೊತ್ತಾತು. ತರಿಸ್ದೆ. ಬೇವಿನ ಮರದ ಮೂಲಿ ಒಂದು ಉಳದದ. ನಿಮ್ಮೆದುರಿಗೇ ಒಮ್ಮಿ ಹಚ್ಚಿ ನೋಡ್ರಿ. ಆಮ್ಯಾಲ ನನಗ ಏನರೆ ಮಾಡ್ರಿ.”

ಹದಿಮೂರರಂದು ಚಂಪಾಬಾಯಿ, ವೀರಭದ್ರ ಮತ್ತು ಸಾಕ್ಷಿಗಳಾದ ಇಬ್ಬರು ಪಂಚರ ಎದುರಿಗೆ ಪಂಚನಾಮೆ ಶುರುವಾಯಿತು. ಹಿರಿಯರ ಗದ್ದಿಗೆಗಳು ಹೊಲದ ಪೂರ್ವಕ್ಕಿದ್ದವು. ಆ ಕಡೆ ಸಿದ್ದರಾಮ ಒಂದು ಗೆರೆಯನ್ನೂ ಗೀರಿರಲಿಲ್ಲ. ಪಶ್ಚಿಮದ ಬೇವಿನ ಮೂಲೆಯಲ್ಲಿ ಮಾತ್ರ ನೇಗಿಲು ಹಾಯ್ದ ಗುರುತಿಲ್ಲ. ಕಸ ಮೊಳಕಾಲೆತ್ತರ ಬೆಳೆದಿತ್ತು.

“ಅಲ್ಲಿ ಹಾವಿನ ಹುತ್ತ ಅದಾವ್ರಿ, ಹೋಗಬ್ಯಾಡ್ರಿ,” ಎಂದ ವೀರಭದ್ರ.

ಧೀರಜ ಮಿಷಿನ್ ಹಿಡಿದು ನಡೆದ. ಬದುವಿನ ಹತ್ತಿರ ಅದು ಒಮ್ಮೆ ಕೂಗಿತು. ಹಿಂದೆ ಸರಿದರೆ ಸುಮ್ಮನಾಯಿತು; ಮುಂದೆ ಬಂದರೆ ಮತ್ತೆ ಕೂಗಿತು. ಧೀರಜನ ಮುಖದ ಮೇಲಿನ ನಗು ಹೋಯಿತು.

ಒಂದು ಮೊಳ ತೋಡುವಷ್ಟರಲ್ಲಿ ಎಲುಬು ಕಂಡಿತು. ಯೋಗಿತಾ ಕೆಲಸ ನಿಲ್ಲಿಸಿ ಇನ್‌ಸ್ಪೆಕ್ಟರ್ ರವಿಕಾಂತರಿಗೆ ಫೋನ್ ಮಾಡಿದಳು; ಸಿದ್ದರಾಮನನ್ನು ರಸ್ತೆಯ ಮೇಲಿದ್ದ ಜೀಪಿಗೆ ಕಳಿಸಿದಳು. ತಹಶೀಲ್ದಾರರ ಸಮಕ್ಷಮದಲ್ಲಿ ಉಳಿದ ಮಣ್ಣು ತೆಗೆಯಲಾಯಿತು. ಅಸ್ಥಿಪಂಜರ ಉದ್ದಕ್ಕೆ ಮಲಗಿತ್ತು. ಎಡಗೈಯ ಬೆರಳುಗಳು ಒಂದು ಬೆಳ್ಳಿಯ ಕರಡಿಗೆಯ ಮೇಲೆ ಮಡಚಿದ್ದವು. ಕೊಳೆತ ದಾರ ಮುಂಗೈಗೆ ಮೂರು ಸುತ್ತು ಸುತ್ತಿತ್ತು. ತಲೆಯ ಪಕ್ಕದಲ್ಲಿ ಸುಣ್ಣದಂತೆ ಗಟ್ಟಿಯಾಗಿದ್ದ ವಿಭೂತಿ.

ಕರಡಿಗೆಯ ಒಂದು ಮಗ್ಗುಲು ನೆಗ್ಗಿತ್ತು. ಚಂಪಾಬಾಯಿ ಅದನ್ನು ಮುಟ್ಟಲಿಲ್ಲ.

“ಸಣ್ಣಾಕಿದ್ದಾಗ ಕಲ್ಲಿನ ಮ್ಯಾಲ ಬೀಳ್ಸಿದ್ಳು,” ಎಂದಳು. ಆಮೇಲೆ ಮಗನ ಕಡೆ ತಿರುಗಿದಳು. “ಪುಣೆದಾಗ ಅದಾಳ ಅಂದಿದ್ದೆಲ್ಲೋ, ವೀರಭದ್ರಾ.”

ವೀರಭದ್ರ ಜೀಪಿನತ್ತ ಕೈ ಮಾಡಿ ಕೂಗಿದ: “ಅವನೇ ಕೊಂದಾನ! ಹೂಳಿದವಗಷ್ಟೇ ಗೊತ್ತಿರ್ತದ, ಎಲ್ಲಿ ಅದಾಳ ಅಂತ!”

ರವಿಕಾಂತರಿಗೆ ಆ ಮಾತು ಸರಿಯೆನಿಸಿತು. ಸಂಬಂಧ ಇತ್ತೆಂದು ಸಿದ್ದರಾಮ ತಾನೇ ಒಪ್ಪಿದ್ದ. ಜಾಗ ತೋರಿಸಿದವನೂ ಅವನೇ. ಠಾಣೆಗೆ ಮರಳಿದೊಡನೆ ಅವರು ಹೇಳಿದರು: “ಕೊಲೆ ಕೇಸು ಹಾಕಿ. ನಾಳೆ ಇವನನ್ನು ರಿಮಾಂಡಿಗೆ ಹಾಜರುಪಡಿಸಿ.”

“ಸರ್, ನಿಮ್ಮೆದುರಿಗೇ ಅವನಿಗೆ ಎರಡು ಮಾತು ಕೇಳ್ತೀನಿ,” ಎಂದಳು ಯೋಗಿತಾ.

ಸಿದ್ದರಾಮನನ್ನು ಕರೆತಂದರು. ಗುಂಡಿಯೊಳಗೆ ಕರಡಿಗೆ ಎಲ್ಲಿ ಸಿಕ್ಕಿತೆಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಸತ್ತವರ ಲಿಂಗ ಏನ್ ಮಾಡ್ತಾರ, ಸಿದ್ದರಾಮ?”

“ನಮಗ ಹೆಂಗ ಗೊತ್ರಿ? ಆಕಿದು ಕೊರಳಾಗ ಇರ್ತಿತ್ತು. ಕೊರಳಾಗೇ ಇತ್ತಲ್ರಿ?”

ಯೋಗಿತಾ ಅವನನ್ನು ಹೊರಗೆ ಕಳಿಸಿದಳು. “ಕಳ್ಳನಾಗಿದ್ದರೆ ಬೆಳ್ಳಿ ಬಿಡುತ್ತಿರಲಿಲ್ಲ ಸರ್. ಇವನಾಗಿದ್ದರೆ ಕೊರಳಲ್ಲೇ ಬಿಡುತ್ತಿದ್ದ. ಎಡಗೈಗೆ ಕಟ್ಟಿ ವಿಭೂತಿ ಇಟ್ಟವರು ನಮ್ಮ ಪೈಕಿಯವರು. ಆದರೆ ನಮ್ಮವರು ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಬೇಕೆಂದರೆ ಎದೆಮಟ್ಟದ ಗುಂಡಿ ಬೇಕು, ನಾಲ್ಕು ಜನ ಬೇಕು. ಇಲ್ಲಿ ಒಬ್ಬನೇ ಇದ್ದ.”

ರವಿಕಾಂತ ಗುಂಡಿಯ ಫೋಟೋ ಎತ್ತಿ ನೋಡಿದರು. “ವೀರಭದ್ರನನ್ನು ಕರೆಸಿ,” ಎಂದರು.

ಅವನು ಬಂದು ಕುಳಿತ. ನೀನು ಕೊಂದೆಯಾ ಎಂದು ಯೋಗಿತಾ ಕೇಳಲಿಲ್ಲ. ಫೋಟೋವನ್ನು ಅವನ ಮುಂದೆ ಸರಿಸಿದಳು.

“ಎಲ್ಲಾ ಮಾಡೀರಿ ಅಣ್ಣಾರ. ಲಿಂಗ ಕೊಟ್ಟೀರಿ, ವಿಭೂತಿ ಇಟ್ಟೀರಿ. ತಂಗೀಗಿ ಯಾಕ ಕೂಡಸಲಿಲ್ಲ?”

ಅವನು ಫೋಟೋ ನೋಡಿದ. ಆಮೇಲೆ ಹಣೆಯ ವಿಭೂತಿಯನ್ನು ಅಂಗೈಯಿಂದ ಉಜ್ಜಿಕೊಳ್ಳತೊಡಗಿದ.

“ಮುರುಮ ಹತ್ತಿತ್ರಿ,” ಎಂದ. “ಬ್ಯಾಸಗಿ. ಮೊಳ ತೋಡೋದ್ರಾಗ ಕಲ್ಲಿನಂಥ ಮುರುಮ ಹತ್ತಿತು. ಗುದ್ದಲಿ ಪುಟಿದು ಪುಟಿದು ಬರ್ತಿತ್ತು. ನಾ ಒಬ್ಬವ. ಕೂಡ್ಸಲಾಕ ಆಗಲೇ ಇಲ್ಲ. ಆಕಿ ಮ್ಯಾಲ ನೇಗಿಲ ಹೊಡಿಬಾರದು, ಕುರಿ ತುಳಿಬಾರದು ಅಂತ ಅಷ್ಟು ಜಾಗಾ ಬಿಟ್ಟೆ.”

2016ರ ಆ ಮಧ್ಯಾಹ್ನ ಹೊಲಕ್ಕೆ ಬುತ್ತಿ ತಂದ ಪ್ರಾಜಕ್ತಾ ಬೇವಿನ ನೆರಳಿನಲ್ಲಿ ಸಿದ್ದರಾಮನ ವಿಷಯ ಹೇಳಿದ್ದಳು. ಅಣ್ಣ ಬೈದ. ಲಿಂಗ ಕಟ್ಟಿಕೊಂಡು ಕುರಿಗಾರರ ಮನೆಗೆ ಹೋಗುತ್ತೀಯಾ ಎಂದು ಕೇಳಿದ. ಅವಳು ಕೊರಳಿನಿಂದ ಕರಡಿಗೆ ಬಿಚ್ಚಿ ಅವನ ಕೈಯಲ್ಲಿಟ್ಟಳು. ತಗೋ ಅಣ್ಣಾ, ಇದು ನಿಮ್ಮ ಮನೆಯದು ಎಂದಳು. ಅವನ ಇನ್ನೊಂದು ಕೈಗೆ ಗುದ್ದಲಿಯ ಹಿಡಿಕೆ ಸಿಕ್ಕಿತು; ಬೀಸಿದ.

“ಆಕಿ ಕೊಟ್ಟಿದ್ದು ಆಕೀಗೇ ತಿರುಗಿ ಕೊಟ್ಟೀನ್ರಿ,” ಎಂದ.

ಪೊಲೀಸರೆದುರಿನ ಒಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ; ಬೇರೆ ಪುರಾವೆ ಬೇಕಿತ್ತು. ಮರುದಿನ ಅವನು ಪಂಚರನ್ನು ಕರೆದೊಯ್ದು, ಅಂದು ಬುತ್ತಿ ಎಸೆದಿದ್ದ ಹೊಲದ ಹಾಳುಬಾವಿ ತೋರಿಸಿದ. ಬಾವಿಯ ಹೂಳಿನಲ್ಲಿ ಅದೇ ಮಿಷಿನ್ ಮತ್ತೆ ಕೂಗಿತು. ಸಿಕ್ಕಿದ್ದು ಸ್ಟೀಲಿನ ಬುತ್ತಿ ಡಬ್ಬಿ; ಮುಚ್ಚಳದ ಮೇಲೆ ‘ಪ್ರಾಜಕ್ತಾ’ ಎಂದು ಹೆಸರು ಕೊರೆದಿತ್ತು. ಕೃತ್ಯ ಹಳೆಯದಾದ್ದರಿಂದ ಹಳೆಯ ದಂಡಸಂಹಿತೆಯ 302, 201ರ ಅಡಿಯಲ್ಲಿ ಕೊಲೆ, ಸಾಕ್ಷ್ಯನಾಶಕ್ಕಾಗಿ ವೀರಭದ್ರನ ಬಂಧನವಾಯಿತು.

ಎಲುಬುಗಳು ತಪಾಸಣೆಗೆ ಹೋದವು. ಚಂಪಾಬಾಯಿ ಠಾಣೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಮಗನ ಜಾಮೀನಿನ ಬಗ್ಗೆ ಅವಳು ಏನೂ ಕೇಳಲಿಲ್ಲ. “ನನ್ನ ಮಗಳನ್ನ ತಿರುಗಿ ಯಾವಾಗ ಕೊಡ್ತೀರವ್ವ? ಆಳು ಹಚ್ಚಿ ಗುಂಡಿ ತೋಡಸ್ತೀನಿ. ಆಕಿ ಅಪ್ಪನ ಬಾಜೂಕ ಕೂಡಸ್ತೀನಿ.”

ಜಪ್ತಿಯಾದ ಮಿಷಿನ್ ಮುದ್ದೆಮಾಲಿನ ಕೋಣೆ ಸೇರಿತು. ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿದ ಸಿದ್ದರಾಮ ಯೋಗಿತಾಳ ಮೇಜಿನ ಬಳಿ ನಿಂತ.

“ಆಕಿ ಕಡೀಕ ಏನಂದ್ಳಂತ್ರಿ?”

ಹೇಳಬಾರದಿತ್ತು, ಆದರೂ ಹೇಳಿದಳು. ಲಿಂಗ ಬಿಚ್ಚಿಕೊಟ್ಟ ಮಾತನ್ನೂ ಹೇಳಿದಳು.

ಅವನು ತಲೆ ಅಲ್ಲಾಡಿಸಿದ. “ಬಿಚ್ಚು ಅಂತ ನಾ ಅಂದಿದ್ದಿಲ್ರಿ. ನಮ್ಮ ದೇವರ ಜಗಲಿ ಮ್ಯಾಲ ಬೀರಪ್ಪನ ಬಾಜೂಕ ಆಕಿ ಲಿಂಗಪೂಜಿಗಂತ ಸಣ್ಣ ಕಟಗಿ ಮಣೆ ಮಾಡಿಸಿಟ್ಟಿದ್ದೆ. ಆಕೀಗಿ ಹೇಳಿದ್ದಿಲ್ಲ. ಬಂದ ಮ್ಯಾಲ ನೋಡ್ತಾಳ ಅಂತ.”

ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಂಡ.

“ಆ ಮಣೆ ಇನ್ನೂ ಅಲ್ಲೇ ಅದರಿ,” ಎಂದ.