ನೆಗ್ಗಿದ ಸನ್‌ವೈಸರ್

ಢಮಾರ್!

ಹಿಂದಿನ ಗಾಜು ಪುಡಿಪುಡಿ! ನಾನು ತಲೆ ತಗ್ಗಿಸಿ ಆಕ್ಸಿಲರೇಟರ್ ಒತ್ತಿದೆ. ಕಾಡುಹಂದಿಗೆಂದು ಇಟ್ಟ ಕೋವಿಯನ್ನು ಕುಮಾರ ನನ್ನ ಮೇಲೆ ಹಾರಿಸುತ್ತಿದ್ದ!

ಜೀಪಿನಲ್ಲಿ ಬೆನ್ನು ಹತ್ತಿದ್ದ ಈ ಕುಮಾರ, ಕಳಸದ ಸಾಹುಕಾರ್ ಬಸವರಾಜಪ್ಪನವರ ಮಗ. ನನ್ನ ಕೈಯಲ್ಲಿದ್ದದ್ದು ಅವರದೇ ಹಳೆಯ ಪ್ಲಿಮತ್ ಕಾರು. ನಾನು ತಮ್ಮಯ್ಯ. ಎಸ್ಟೇಟಿನವರ ತಂಟೆ ತಕರಾರುಗಳನ್ನು ಸದ್ದಿಲ್ಲದೆ ಮುಗಿಸುವುದು ನನ್ನ ಕಸುಬು. ತೊಂಬತ್ತಾರನೇ ಇಸವಿಯ ಮಾತು. ಆ ಬೆಳಗ್ಗೆ ಸಾಹುಕಾರರು ಕರೆಸಿ ಹೇಳಿದ್ದು ಇಷ್ಟೇ.

“ಕಾರನ್ನ ಚಿಕ್ಕಮಗಳೂರಿಗೆ ಒಯ್ದು ಆ ವೈಸರ್ ತೆಗೆಸಿ ಬಿಸಾಕು ಮಾರಾಯ. ಇಲ್ಲಿ ಯಾರ ಕಣ್ಣಿಗೂ ಬೀಳ್ಬಾರ್ದು. ಯಾಕೆ ಅಂತ ಕೇಳ್ಬೇಡ.”

ಕೇಳಲಿಲ್ಲ. ನೋಡಿದೆ!

ಮುಂಗಾಜಿನ ಮೇಲೆ ಟೊಪ್ಪಿಯ ಅಂಚಿನಂತೆ ಚಾಚಿಕೊಂಡಿದ್ದ ತಗಡಿನ ವೈಸರ್ ಒಂದು ಕಡೆ ನೆಗ್ಗಿತ್ತು. ಸಂದಿಯಲ್ಲಿ ಬಿದಿರಿನ ಸೀಳೊಂದು ಸಿಕ್ಕಿಕೊಂಡಿತ್ತು...

ಹಿಂದಿನ ವಾರ ಕೊಟ್ಟಿಗೆಹಾರದ ಏರಿನಲ್ಲಿ ಈ ಕಾರು ಶೇಷಪ್ಪನನ್ನು ಕೆಡವಿ, ನಿಲ್ಲದೆ ಹೋಗಿತ್ತು. ಮೆಣಸು ಕೊಯ್ಯುವ ಬಿದಿರೇಣಿ ಹೊತ್ತು ಬರುತ್ತಿದ್ದ ಆಳು, ಪಾಪ. ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದ. ಕಾರು ಓಡಿಸಿದವನೆಂದು ಸಾಹುಕಾರರ ಡ್ರೈವರ್ ಉಮೇಶ ಹಿಂದಿನ ದಿನದಿಂದ ಮೂಡಿಗೆರೆ ಠಾಣೆಯ ಲಾಕಪ್ಪಿನಲ್ಲಿದ್ದ. ಮಧ್ಯಾಹ್ನ ಕೋರ್ಟು. ಅಲ್ಲಿಂದ ಜೈಲು!

ಆದರೆ ಉಮೇಶನ ಪದ್ಧತಿ ಸುತ್ತಲ ಎಲ್ಲ ಎಸ್ಟೇಟಿಗೂ ಗೊತ್ತು. ಏರು ಹತ್ತುವ ಮುನ್ನ ಕಾರು ನಿಲ್ಲಿಸಿ, ನಟ್ಟು ಬಿಚ್ಚಿ, ವೈಸರನ್ನು ಹಿಂದಿನ ಸೀಟಿನ ಮೇಲೆ ಮಲಗಿಸುತ್ತಾನೆ. ನೋಡಿದವರು ನಗುತ್ತಾರೆ. ಅವನು ಕ್ಯಾರೇ ಅನ್ನುವುದಿಲ್ಲ.

ಏಣಿ ಬಡಿದದ್ದು ವೈಸರಿಗೆ. ಅಂದರೆ ಅವತ್ತು ಏರಿನಲ್ಲಿ ವೈಸರ್ ಇತ್ತು. ಅಂದರೆ ಓಡಿಸಿದವನು ಉಮೇಶ ಅಲ್ಲ!

ನನಗೆ ಮೈಯೆಲ್ಲ ಉರಿದುಹೋಯಿತು. ಬಾಳೆಹೊನ್ನೂರಿನ ದಾರಿ ಬಿಟ್ಟು ಮೂಡಿಗೆರೆ ಠಾಣೆಯ ದಾರಿ ಹಿಡಿದೆ. ಅದು ಕುಮಾರನ ಕಣ್ಣಿಗೆ ಬಿತ್ತು.

ಏರು ಬಂತು. ತಿರುವಿನ ಮೇಲೆ ತಿರುವು. ಕನ್ನಡಿಯಲ್ಲಿ ಜೀಪೇ ಇಲ್ಲ! ಎಲ್ಲಿ ಹೋದ?

ಮೇಲಿನ ರಸ್ತೆ ನೋಡಲು ಕಣ್ಣೆತ್ತಿದೆ... ಬರೀ ತಗಡು! ವೈಸರ್ ಮೇಲಿನ ತಿರುವನ್ನೇ ಮುಚ್ಚಿತ್ತು. ಉಮೇಶ ಅದನ್ನು ಯಾಕೆ ಬಿಚ್ಚುತ್ತಾನೆ ಎಂದು ಆಗ ಅರ್ಥವಾಯಿತು.

ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿದೆ. ಎಸ್ಟೇಟಿನ ಒಳದಾರಿಯಲ್ಲಿ ನುಗ್ಗಿಬಂದ ಜೀಪು ಮೇಲೆ ಅಡ್ಡ ನಿಂತಿತ್ತು! ಪಕ್ಕದಲ್ಲಿ ಕುಮಾರ. ಕೈಯಲ್ಲಿ ಕೋವಿ.

“ಇಳಿಯೋ ತಮ್ಮಯ್ಯ! ವೈಸರ್ ಬಿಚ್ಚಿ ಕೊಡು, ಜೀವ ಉಳೀತದೆ!”

“ಸ್ಪ್ಯಾನರ್ ತಂದಿಲ್ಲ ಸಣ್ಣ ಸಾವ್ಕಾರ್ರೇ!”

ಜೀಪಿಗೂ ರಸ್ತೆ ಪಕ್ಕದ ಮಣ್ಣಿನ ಗೋಡೆಯಂಥ ಧರೆಗೂ ನಡುವಿನ ಸಂದಿಗೆ ಕಾರು ನುಗ್ಗಿಸಿದೆ. ಒಂದು ಬಾಗಿಲು ಧರೆಗೆ ಉಜ್ಜಿ ಕಿತ್ತುಹೋಯಿತು. ಕುಮಾರ ಕಾಫಿಗಿಡದೊಳಗೆ ಹಾರಿದ. ಹೆದರಿಕೆ ಆಗಲಿಲ್ಲವೇ ಅಂತೀರಾ? ಆಗಿತ್ತು! ಠಾಣೆ ಮುಟ್ಟುವವರೆಗೂ ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ.

ಠಾಣೆಯ ಅಂಗಳದಲ್ಲಿ ಶೇಷಪ್ಪನ ಹೆಂಡತಿ ಭಾಗಮ್ಮ ನಿಂತಿದ್ದಳು. ಅವತ್ತು ಗಂಡನ ಹಿಂದೆಯೇ ನಡೆದು ಬರುತ್ತಿದ್ದವಳು, ಇಷ್ಟು ದಿನ ಅವನ ಹಾಸಿಗೆ ಬಿಟ್ಟು ಕದಲದವಳು, ವೈಸರ್ ಕಂಡದ್ದೇ ಬೆರಳು ತೋರಿಸಿದಳು.

“ಇದನ್ನ ಹಾಕ್ಕೊಂಡೇ ಬಂತು ಸ್ವಾಮಿ! ಏಣಿ ಇದಕ್ಕೇ ಬಡೀತು! ಉಮೇಶ ಏರಲ್ಲಿ ಇದನ್ನ ಹಾಕೋದೇ ಇಲ್ಲ!”

ಇನ್ಸ್‌ಪೆಕ್ಟರ್ ನೆಗ್ಗಿದ ಕಡೆ ಬೆರಳಾಡಿಸಿದರು. ಉಮೇಶನನ್ನು ಕೋರ್ಟಿಗೆ ಒಯ್ಯುವ ಹೊತ್ತಿಗೆ ಕುಮಾರನ ಜೀಪು ಬಂತು. ಅಪ್ಪನನ್ನೂ ಕರೆತಂದಿದ್ದ. ಸಾಹುಕಾರರ ಮುಖ ಕಂಡರೆ ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯ.

“ಅವತ್ತು ಉಮೇಶ ಬಿಚ್ಚೋಕೆ ಮರೆತ, ಸಾರ್,” ಅಂದ ಕುಮಾರ. “ಏರು ಶುರುವಾಗೋವಾಗ ನಾನೇ ನೆನಪು ಮಾಡ್ದೆ. ಕೇಳ್ಲಿಲ್ಲ.”

“ಹೌದಾ?” ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದರು. “ಅವತ್ತು ಇಡೀ ದಿನ ಕ್ಲಬ್ಬಲ್ಲಿದ್ದೆ ಅಂದಿದ್ರಿ. ಕಾರು ಯಾವಾಗ ಹತ್ತಿದ್ರಿ?”

ಕುಮಾರ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದರು.

ಲಾಕಪ್ಪಿನ ಬಾಗಿಲು ತೆರೆಯಿತು. ಉಮೇಶ ಹೊರಗೆ, ಕುಮಾರ ಒಳಗೆ!

ಸಾಹುಕಾರರು ಜೀಪಿನ ಕೀಯನ್ನು ಉಮೇಶನ ಮುಂದೆ ಹಿಡಿದರು. ನಿಜ ಹೇಳಲೇ? ಆ ಮುಖ ನೋಡಿ ನನಗೂ ಅಯ್ಯೋ ಅನ್ನಿಸಿತು.

“ಮನೆಗೆ ಬಿಡು ಉಮೇಶ... ನಂಗೆ ಡ್ರೈವಿಂಗ್ ಬರಲ್ಲ.”

ಉಮೇಶ ಕೀ ಮುಟ್ಟಲಿಲ್ಲ. ಭಾಗಮ್ಮನ ಜೊತೆ ಆಸ್ಪತ್ರೆಯ ಕಡೆ ಹೊರಟವನು ಗೇಟಿನಲ್ಲಿ ತಿರುಗಿದ.

“ನಿಮ್ಮ ಮಗನಿಗೂ ಬರ್ತಿರ್ಲಿಲ್ಲ, ಸಾವ್ಕಾರ್ರೇ!”